ಕಲ್ಲೇ, ಹೊಟ್ಟೆಗೆ ಹಾಕಿಕೋ

ತಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವವರು ಭೂಮಿಯ ಮೇಲೆ ಯಾರೂ ಸಿಗದಿದ್ದಾಗ ತೈಲೋದ್ಯಮದವರು ಸಮುದ್ರತಳದ ಮರಳುಗಲ್ಲಿನ ಮೊರೆ ಹೊಕ್ಕರು. ಕಲ್ಲು ತಕರಾರು ತೆಗೆಯುವುದಿಲ್ಲ, ಪತ್ರಿಕಾಗೋಷ್ಠಿಯನ್ನಂತೂ ಕರೆಯುವುದೇ ಇಲ್ಲ.

ಇಂಗಾಲದ ಡೈಆಕ್ಸೈಡನ್ನು ಸಮುದ್ರದಡಿ ಹೂಳುವ ಈ ಪುಣ್ಯಕಾರ್ಯ ಆರಂಭವಾದದ್ದು 1996ರಲ್ಲಿ, ನಾರ್ವೆಯ ಸ್ಲೈಪ್ನರ್ ಅನಿಲಕ್ಷೇತ್ರದಲ್ಲಿ. ಅಲ್ಲಿನ ಅನಿಲದಲ್ಲಿ ಸುಮಾರು ಶೇ. 9ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತಿದೆ, ಶೇ. 2.5ಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಒಪ್ಪುವುದಿಲ್ಲ. ಬೇರ್ಪಡಿಸಿ ಗಾಳಿಗೆ ಬಿಟ್ಟರೆ 1991ರಿಂದ ಜಾರಿಯಲ್ಲಿರುವ ತೆರಿಗೆ ಕಟ್ಟಬೇಕು. ಇಂಥ ಇಕ್ಕಟ್ಟಿನಲ್ಲಿ ಯಾರಿಗೇ ಆದರೂ ಪರಿಸರಪ್ರೇಮ ಉಕ್ಕದೆ ಇರುತ್ತದೆಯೇ? ಹೀಗೆ ವರ್ಷಕ್ಕೆ ಸುಮಾರು 10 ಲಕ್ಷ ಟನ್ನಿನಂತೆ ಡೈಆಕ್ಸೈಡನ್ನು ಸಮುದ್ರತಳದಡಿಯ ಉತ್ಸಿರಾ ಎಂಬ ಮರಳುಗಲ್ಲಿನ ಸ್ತರದೊಳಗೆ ಇಳಿಸಲಾಯಿತು. ಮಾರಿದ ಅನಿಲ ಗಿರಾಕಿಯ ಒಲೆಯಲ್ಲಿ ಉರಿದು ಹೊರಬಿಟ್ಟದ್ದು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಏಕೆಂದರೆ ಅದು ಗಿರಾಕಿಯ ಪಾಪ. ಅಂದಹಾಗೆ, ಸ್ಲೈಪ್ನರ್ ವರ್ಷವಿಡೀ ಹೂತಷ್ಟನ್ನು ಜಗತ್ತು ಪಳೆಯುಳಿಕೆ ಇಂಧನ ಸುಟ್ಟು ಹದಿನೈದು ನಿಮಿಷದೊಳಗೆ ಗಾಳಿಗೆ ತೂರುತ್ತದೆ.

ಭೂವಿಜ್ಞಾನಿಗಳನ್ನು ಇಲ್ಲಿ ದೂರುವಂತಿಲ್ಲ. ಕಂಪನದ ಅಲೆಗಳನ್ನು ಕಳುಹಿಸಿ, ಅವು ಮರಳಿ ಬರುವ ಬಗೆಯಿಂದ ಪಾತಾಳದ ಚಿತ್ರ ಬರೆಯುವ ಅವರು 1999ರಲ್ಲಿ ಮತ್ತೊಮ್ಮೆ ನೋಡಿದಾಗ, ಡೈಆಕ್ಸೈಡ್ ನಡುನಡುವಿನ ತೆಳು ಜೇಡಿಗಲ್ಲಿನ ಪದರಗಳನ್ನು ದಾಟಿ ಮರಳುಗಲ್ಲಿನ ನೆತ್ತಿಯನ್ನು ಆಗಲೇ ಮುಟ್ಟಿತ್ತು. ಅದರ ಮೇಲಿನ ದಪ್ಪ ಮುಚ್ಚುಗಲ್ಲು ಅದನ್ನು ತಡೆದು ನಿಲ್ಲಿಸಿತು, ನಿಜ. ಆದರೆ ನಾರ್ವೆಯದೇ ಇನ್ನೊಂದು ಅನಿಲಕ್ಷೇತ್ರವಾದ ಸ್ನೋವಿಟ್‌ನಲ್ಲಿ 2008ರಲ್ಲಿ ತುಂಬಲು ತೊಡಗಿದ ಕಲ್ಲಿನಲ್ಲಿ ಒತ್ತಡ ಎಣಿಸಿದ್ದಕ್ಕಿಂತ ಬೇಗ ಏರಿ, 2011ರಲ್ಲಿ ಬೇರೊಂದು ಸ್ತರವನ್ನು ಹುಡುಕಿಕೊಳ್ಳಬೇಕಾಯಿತು. ಆದ್ದರಿಂದಲೇ ವಿಜ್ಞಾನಿಯ ವರದಿಯಲ್ಲಿ 'ಸಾಧ್ಯತೆಯಿದೆ', 'ನಿರಂತರ ನಿಗಾ ಅಗತ್ಯ' ಎಂಬ ಮಾತುಗಳು ತುಂಬಿರುತ್ತವೆ. ಕಂಪನಿಯ ಬಣ್ಣದ ಕೈಪಿಡಿಯಾಗಿ ಅಚ್ಚಾಗುವ ಹೊತ್ತಿಗೆ ಅವೆಲ್ಲ ಎಲ್ಲಿ ಸೋರಿಹೋಗುತ್ತವೋ! ಅನಿಲದ ಸೋರಿಕೆ ಪತ್ತೆಹಚ್ಚುವ ಉಪಕರಣಗಳಿವೆ, ಇದಕ್ಕಿಲ್ಲ.

ಇನ್ನು ಜಗತ್ತಿನಲ್ಲಿ ಈವರೆಗೆ ಸೆರೆಹಿಡಿದ ಡೈಆಕ್ಸೈಡಿನ ಬಹುಪಾಲು ಹೋಗಿರುವುದು ಹಳೆಯ ತೈಲಬಾವಿಗಳಿಗೆ, ಅಲ್ಲಿ ಉಳಿದ ಎಣ್ಣೆಯನ್ನು ಮೇಲಕ್ಕೆ ತಳ್ಳಲು. ಒಳಗೆ ಹೋದದ್ದಕ್ಕೆ ಸಂಗ್ರಹಣೆ ಎಂದು ಹೆಸರು. ಹೊರಗೆ ಬಂದದ್ದಕ್ಕೆ ಬೆಲೆ.

ಹೂತ ಅನಿಲ ಸಾವಿರಾರು ವರ್ಷ ಅಲ್ಲಿಯೇ ಇರಬೇಕು. ಯುರೋಪಿನ ಒಕ್ಕೂಟದ 2009ರ ನಿರ್ದೇಶನದ ಪ್ರಕಾರ, ಬಾವಿ ಮುಚ್ಚಿ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಳೆದು, ಎಲ್ಲವೂ ಭದ್ರವಾಗಿದೆಯೆಂದು ಮನವರಿಕೆಯಾದರೆ ಹೊಣೆ ಸರ್ಕಾರದ ಹೆಗಲಿಗೆ ವರ್ಗವಾಗುತ್ತದೆ. ಮಿಕ್ಕ ಕೆಲವು ಸಾವಿರ ವರ್ಷಗಳನ್ನು ತೆರಿಗೆದಾರರು ನೋಡಿಕೊಳ್ಳುತ್ತಾರೆ.