ಕಲ್ಲಿಕೋಟೆಗೆ ಫ್ರೇಮ್ ಹಾಕಿಸಿದ ಕಥೆ

ಟಿವಿ ಮೇಲಿನ ಗೋಡೆ ಖಾಲಿ ಬಿದ್ದಿತ್ತು, ಅಲ್ಲಿಗೆ ಓಡೋ ಏಳು ಕುದುರೆ ಫೋಟೋ ಹಾಕೋಣ ಅಂತ ನಮ್ಮನೆಯವಳು, ಬೇಡ ಮಾರಾಯ್ತಿ ದಾವಣಗೆರೆಲಿ ಯಾರ ಮನೆಗೆ ಹೋದ್ರೂ ಅವೇ ಏಳು ಕುದುರೆ ಓಡ್ತಿರ್ತಾವೆ ಅಂತ ನಾನು, ಕೊನೆಗೆ ಆನ್‌ಲೈನ್‌ನಲ್ಲಿ ಕಲ್ಲಿಕೋಟೆಯ ಹಳೇ ಚಿತ್ರನಕ್ಷೆಯ ಪ್ರಿಂಟ್ ತರಿಸಿದೆ.

ಅಸಲಿ ನಕ್ಷೆ 1572ರದ್ದು. ಈಗಿನ ಜರ್ಮನಿಯ ಕೊಲೋನ್ ಊರಲ್ಲಿ ಗಿಯಾರ್ಗ್ ಬ್ರೌನ್ ಅನ್ನೋ ಪಾದ್ರಿ, ಫ್ರಾನ್ಸ್ ಹೋಗೆನ್‌ಬರ್ಗ್ ಅನ್ನೋ ಕೆತ್ತನೆಗಾರ ಸೇರ್ಕೊಂಡು ಲೋಕದ ಪಟ್ಟಣಗಳನ್ನೆಲ್ಲ ಚಿತ್ರದಲ್ಲಿ ತೋರಿಸೋಕೆ ಹೊರಟ್ರು, 1617ರ ಹೊತ್ತಿಗೆ ಆರು ಸಂಪುಟ ಆಯ್ತು, ಕಲ್ಲಿಕೋಟೆ ಮೊದಲನೇದ್ರಲ್ಲೇ ಇದೆ. ನಕ್ಷೆ ಅಂತಾರೇ ಹೊರತು ಇದನ್ನ ಹಿಡ್ಕೊಂಡು ಯಾರೂ ಎಲ್ಲಿಗೂ ಹೋಗೋಕಾಗಲ್ಲ. ಮುಂದೆ ಸಮುದ್ರ, ಹಡಗುಗಳು, ದಡದಲ್ಲಿ ಆನೆ, ಹಿಂದೆ ಗುಡ್ಡ, ಅಷ್ಟೇ. ಅದೇ ಹಾಳೆಯ ಕೆಳಗಡೆ ಸಣ್ಣದಾಗಿ ಇನ್ನೂ ಮೂರು ಬಂದರು: ಕಣ್ಣೂರು, ಪರ್ಷಿಯನ್ ಕೊಲ್ಲಿ ಬಾಯಲ್ಲಿರೋ ಹಾರ್ಮುಜ್, ಈಗಿನ ಘಾನಾದಲ್ಲಿರೋ ಎಲ್ಮಿನಾ. ಮೂರರಲ್ಲೂ ಆಗ ಪೋರ್ಚುಗೀಸರ ಕೋಟೆ ಇತ್ತು. ಸಖತ್ ಹಾಳೆ ರೀ.

ಕೊಳವೆಯಿಂದ ತೆಗೆದ್ರೆ ಸುತ್ತಿಕೊಂಡ ಪೇಪರ್ ಬಿಚ್ಕೊಳ್ಳೋಕೇ ತಯಾರಿಲ್ಲ. ನೆಲಕ್ಕೆ ಹಾಸಿ ಒಂದು ಮೂಲೆಗೆ ಮಂಡಕ್ಕಿ ಡಬ್ಬ, ಇನ್ನೊಂದಕ್ಕೆ ಇಸ್ತ್ರಿಪೆಟ್ಟಿಗೆ, ಮತ್ತೊಂದಕ್ಕೆ ನಾನೇ ಕೂತೆ, ಉಳಿದ ಮೂಲೆಗೆ ಮಗ ಮಿರ್ಚಿ ಪ್ಲೇಟು ಇಟ್ಟ. ಈಗ ಕಲ್ಲಿಕೋಟೆ ಸಮುದ್ರದಲ್ಲಿ ಬ್ರೌನ್ ಸಾಹೇಬ್ರಿಗೆ ಗೊತ್ತಿಲ್ದಿರೋ ಒಂದು ಎಣ್ಣೆ ದ್ವೀಪ ಇದೆ.

ಫ್ರೇಮ್ ಹಾಕ್ಸೋಕೆ ದೇವರ ಫೋಟೋ ಮಾಡೋ ಒಂದು ಅಂಗಡಿಗೆ ಕೊಟ್ಟೆ. ನೂರು ಸಲ ಹೇಳಿದ್ದೆ ಪೂರ್ತಿ ಹಾಳೆ ಬರ್ಬೇಕು ಅಂತ. ಸಂಜೆ ಹೋದ್ರೆ ಫ್ರೇಮಲ್ಲಿ ಬರೀ ಕಲ್ಲಿಕೋಟೆ.

"ಕೆಳಗಿಂದು ಎಲ್ಲೋಯ್ತ್ರೀ?"

"ರೆಡಿ ಸೈಜಿಗೆ ಕೂರಂಗಿರ್ಲಿಲ್ಲ ಸರ್, ಮೇಲಿಂದೇ ಮೇನ್ ಐತಲ್ಲ."

"ಆ ತುಂಡಾದ್ರೂ ಕೊಡ್ರಿ."

"ದಪ್ಪ ಪೇಪರ್ ಚಲೋ ಇತ್ತು ಅಂತ ಒಂದು ಲಕ್ಷ್ಮಿ ಫೋಟೋಕ್ಕೆ ಹಿಂದ್ಗಡೆ ಕೊಟ್ಬಿಟ್ಟೆ ಸರ್. ಗೃಹಪ್ರವೇಶದ್ದು, ಹೋಯ್ತದು."

ಅಂದ್ರೆ ಪೋರ್ಚುಗೀಸರು ಅಷ್ಟು ಕಷ್ಟಪಟ್ಟು ಹಿಡಿದ ಮೂರು ಬಂದರೂ ಈಗ ವಿದ್ಯಾನಗರದ ಕಡೆ ಯಾರದೋ ಮನೇಲಿ ಗೋಡೆಗೆ ಮುಖ ಮಾಡ್ಕೊಂಡು ದಿನಾ ಊದುಬತ್ತಿ ಕುಡೀತಿರ್ತಾವೆ. ಬ್ರೌನ್ ತನ್ನ ಚಿತ್ರಗಳಲ್ಲಿ ಬೇಕಂತಲೇ ಮನುಷ್ಯರನ್ನ ಬಿಡಿಸಿದ್ನಂತೆ, ಯಾಕಂದ್ರೆ ತುರ್ಕರು ಧರ್ಮಕ್ಕಂಜಿ ಮನುಷ್ಯರ ಚಿತ್ರ ಇರೋದನ್ನ ಮುಟ್ಟಲ್ಲ, ಯುದ್ಧಕ್ಕೆ ಬಳಸಲ್ಲ ಅಂತ ಅವನ ಲೆಕ್ಕ. ಫ್ರೇಮ್ ಅಂಗಡಿಯವ್ರಿಗೆ ಏನು ಬಿಡಿಸ್ಬೇಕಿತ್ತೋ ಅದೊಂದು ಹೊಳೀಲಿಲ್ಲ ಅವನಿಗೆ.

ಇರ್ಲಿ ಅಂತ ಉಳಿದಿದ್ದನ್ನೇ ತೂಗುಹಾಕ್ದೆ. ಭಾನುವಾರ ಚಿತ್ರದುರ್ಗದಿಂದ ಮಾವ ಬಂದ್ರು. ಕನ್ನಡಕ ಏರಿಸ್ಕೊಂಡು ಗುಡ್ಡ ನೋಡಿ, "ಜೋಗಿಮಟ್ಟಿ ಅಲ್ಲೇನೋ ಇದು!"

"ಅಲ್ಲ ಮಾವ, ಕೇರಳದ್ದು. ಮುಂದೆ ಸಮುದ್ರ ಇದೆ ನೋಡ್ರಿ."

"ಯಾವ ಸಮುದ್ರ, ಮಾರಿಕಣಿವೆ ಅದು. 1933 ಆದ್ಮೇಲೆ 2022ರಾಗೆ ಕೋಡಿ ಬಿತ್ತಲ್ಲ, ಆವಾಗಿಂದು ಇರ್ಬೇಕು."

ಜೋಗಿಮಟ್ಟಿ ದುರ್ಗದ ಮಗ್ಗುಲಲ್ಲಿ, ಮಾರಿಕಣಿವೆ ಹಿರಿಯೂರು ಕಡೆ, ಎರಡೂ ಒಂದೇ ಚಿತ್ರದಾಗೆ ಹೆಂಗೆ ಬರ್ತಾವೆ ಮಾವ ಅಂದೆ. "ದೊಡ್ಡ ಕ್ಯಾಮೆರಾ ಇರ್ತಾವಪ್ಪ ಈಗ" ಅಂದ್ರು.

"ಮತ್ತೆ ಹಡಗು?"

"ಬೋಟಿಂಗ್ ಇಟ್ಟಿರ್ತಾರೆ ಬಿಡು."

ನಾನು ಕಾಫಿ ತರೋಷ್ಟರಲ್ಲಿ ಫೋಟೋ ಹೊಡ್ದು ಫ್ಯಾಮಿಲಿ ಗ್ರೂಪಿಗೆ ಹಾಕಿ ಕೆಳಗೆ 'ನಮ್ಮ ಡ್ಯಾಮ್ ತುಂಬಿದಾಗ' ಅಂತ ಬರೆದಾಗಿತ್ತು. ಹಿರಿಯೂರಿನ ಚಿಕ್ಕಮ್ಮ ಕೈ ಮುಗಿಯೋ ಗುರುತು ಹಾಕಿದ್ರು, ಬೆಂಗಳೂರಲ್ಲಿರೋ ಷಡ್ಡಕ ಮುಂದಿನ ವಾರ ಮಕ್ಕಳನ್ನ ಕರ್ಕೊಂಡು ಬರ್ತೀವಿ, ಬೋಟಿಂಗಿಗೆ ಟಿಕೆಟ್ ಎಷ್ಟು ಅಂತ ಕೇಳಿದ್ದ, ಅದರ ಕೆಳಗೆ ಅತ್ತೆ: "ಆನೆ ಯಾವ ಮಠದ್ದು?"