ರೊಟ್ಟಿ ತಿಂದರೆ ಶುಗರ್ ಗುಳಿಗೆ ಬೇಡವೇ? ಸ್ಪಷ್ಟನೆ

‘ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ, ಗುಳಿಗೆ ಬಿಡಿ’ ಎಂಬ ಸಂದೇಶ ರಾಯಚೂರು, ಕೊಪ್ಪಳದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಜೀರ್ಣವಾಗಿ ರಕ್ತದ ಶುಗರ್ ಏರಿಸುವ ಅಂಶ) ಇದೆ. 50 ಗ್ರಾಂ ಹಿಟ್ಟಿನ ರೊಟ್ಟಿ ಒಂದಕ್ಕೆ 35 ಗ್ರಾಂ ಆಯಿತು. ಖಡಕ್ ರೊಟ್ಟಿ ತೆಳ್ಳಗೆ, ಹಗುರ. ಮಾತಾಡುತ್ತಾ ಮುರಿದು ತಿಂದರೆ ನಾಲ್ಕಾದದ್ದೂ ಗೊತ್ತಾಗುವುದಿಲ್ಲ. ಬಿಳಿ ಅನ್ನಕ್ಕಿಂತ ನಾರು ಹೆಚ್ಚು, ನಿಜ. ಆದರೂ ಊಟಕ್ಕೆ ಒಂದೆರಡು ಸಾಕು, ಪುಂಡಿಪಲ್ಯ, ಮಡಕಿಕಾಳು, ಹಸಿ ಸೌತೆಕಾಯಿ ಹೆಚ್ಚಿರಲಿ.

ಈಗಾಗಲೇ ಗುಳಿಗೆ ಬಿಟ್ಟಿದ್ದೀರಾ? ತಪ್ಪಿದ್ದನ್ನು ಸೇರಿಸಿ ಎರಡೆರಡು ನುಂಗಬೇಡಿ. ಗ್ಲಿಮೆಪಿರೈಡ್‌ನಂಥ ಗುಳಿಗೆಯಿಂದ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದು. ಹಳೇ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಖಾಲಿ ಹೊಟ್ಟೆಯಲ್ಲಿ ಮತ್ತು ಊಟವಾಗಿ 2 ಗಂಟೆಗೆ ರಕ್ತ ಪರೀಕ್ಷೆ ಮಾಡಿಸಿ. ಡೋಸ್ ಅವರೇ ಹೇಳಲಿ. ವಾಂತಿ, ತಡೆಯಲಾಗದ ದಾಹವಿದ್ದರೆ ಅಂದೇ ಹೋಗಿ.