384 ಜನರ ಅಭಿಪ್ರಾಯ

ಕೋಲಾರದಲ್ಲಿ ಯಾರ ಕೈಗಾದರೂ ಒಂದು ಫಾರಂ ಕೊಟ್ಟು ನೋಡಿ. ಅದರಲ್ಲಿ ಏನು ಬರೆದಿದೆ ಅಂತ ಯಾರೂ ಕೇಳುವುದಿಲ್ಲ. "ಆಧಾರ್ ಜೆರಾಕ್ಸ್ ಎಷ್ಟು ಬೇಕು?" ಅಂತ ಕೇಳುತ್ತಾರೆ. ಏನೂ ಬೇಡ ಅಂದರೆ ಮುಖ ಸಪ್ಪಗಾಗುತ್ತದೆ. ಆಧಾರ್ ಕೇಳದ ಫಾರಂನಿಂದ ನಯಾಪೈಸೆ ಸಿಗಲ್ಲ ಅಂತ ಎಲ್ಲರಿಗೂ ಗೊತ್ತು.

ನನ್ನ ಅಕ್ಕನ ಮಗಳು ಪುಟ್ಟಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಳೆ. ಓದುವುದು ಸ್ಟ್ಯಾಟಿಸ್ಟಿಕ್ಸ್. ಅವಳ ಜೊತೆಯವರೆಲ್ಲ ಮೊಬೈಲ್ ಬಳಕೆ, ಕ್ಯಾಂಟೀನ್ ತಿಂಡಿ ಅಂತ ಸುಲಭದ ಪ್ರಾಜೆಕ್ಟ್ ಆರಿಸಿಕೊಂಡರೆ ಇವಳು ಹೋಗಿ 'ಆರ್ಥಿಕ ನೀತಿಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ' ಅಂತ ಬರೆದುಕೊಟ್ಟು ಬಂದಳು. ಗಾಡಿ ಓಡಿಸೋಕೆ ಒಬ್ಬರು ಬೇಕಿತ್ತು. "ನಿಮ್ಮ ಮಾವ ಇನ್ಶೂರೆನ್ಸ್ ಏಜೆಂಟು, ಊರಲ್ಲಿ ಎಲ್ಲರ ಮನೆ ಗೊತ್ತು" ಅಂತ ಅಕ್ಕ ನನ್ನ ಹೆಸರು ಹೇಳಿದಳು. ಎಲ್ಲರ ಮನೆ ನನಗೆ ಗೊತ್ತು, ನಿಜ. ಎಲ್ಲರಿಗೂ ನನ್ನ ಗಾಡಿ ಸದ್ದು ಗೊತ್ತು ಅನ್ನೋದನ್ನ ಅಕ್ಕ ಯೋಚಿಸಿರಲಿಲ್ಲ.

ಎಷ್ಟು ಜನರನ್ನ ಕೇಳಬೇಕು ಅಂದೆ. 384 ಅಂದಳು. ಅದೇನು ಲಕ್ಕಿ ನಂಬರಾ? ಇಲ್ಲವಂತೆ, ಸೂತ್ರ ಇದೆಯಂತೆ. 1.96ರ ವರ್ಗಕ್ಕೆ 0.25 ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384 ಬರುತ್ತದೆ. ಅಷ್ಟು ಜನರನ್ನ ಸರಿಯಾಗಿ ಆರಿಸಿ ಕೇಳಿದರೆ, ನೂರಕ್ಕೆ 95 ಸಲ ಉತ್ತರ ಐದು ಪರ್ಸೆಂಟ್ ಆಚೀಚೆಯೊಳಗೆ ನಿಲ್ಲುತ್ತದಂತೆ. ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲೇ 15 ಲಕ್ಷ ದಾಟಿತ್ತು. ಇನ್ನೂ ಹತ್ತು ಪಟ್ಟು ಇದ್ದರೂ 384 ಸಾಕಂತೆ.

"ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ ಮಾವ?"

"ಅನ್ನಕ್ಕೆ ಸಾಕಮ್ಮ. ನಮ್ಮದು ಮುದ್ದೆ ಊರು. ಗಂಟು ಎಲ್ಲಿದೆ ಅಂತ ತಿಂದು ಮುಗಿಸೋವರೆಗೂ ಗೊತ್ತಾಗಲ್ಲ."

ಅವಳು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡಳು. ಇದಕ್ಕೂ ಅವರ ಹತ್ತಿರ ಒಂದು ಪಾಠ ಇದೆಯಂತೆ.

ಶುರುವಿನಲ್ಲಿ ಅವಳು ಬುದ್ಧಿವಂತಿಕೆಯಿಂದ ಗೂಗಲ್ ಫಾರಂ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದಳು. ಕುಟುಂಬದ ಗುಂಪಿನಿಂದ ಶುಭೋದಯದ ಗುಲಾಬಿ ಬಂತು. ಕಾಲೇಜು ಗುಂಪಿನಿಂದ ದಂಡಿಯಾಗಿ ಉತ್ತರ ಬಂದವು. ಆದರೆ ಎಲ್ಲವೂ ಇಪ್ಪತ್ತು ಇಪ್ಪತ್ತೊಂದು ವಯಸ್ಸಿನವರದ್ದು. 'ಮನೆಯ ತಿಂಗಳ ಖರ್ಚು' ಅನ್ನೋ ಕಡೆ ಒಬ್ಬ ತನ್ನ ಮೊಬೈಲ್ ರೀಚಾರ್ಜ್ ದುಡ್ಡು ಬರೆದಿದ್ದ. ಅವರ ಮೇಷ್ಟ್ರು ಇದನ್ನ ಒಪ್ಪಲಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಕತೆ ಹೇಳಿ ಕಳಿಸಿದರು. ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿತ್ತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಧೈರ್ಯವಾಗಿ ಬರೆದರು. ಎಣಿಸಿದಾಗ 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟ್ ಪಾಲಾಗಿದ್ದವು. ವಿಳಾಸ ಆರಿಸಿದ್ದು ಫೋನ್ ಇದ್ದವರ, ಕಾರ್ ಇದ್ದವರ ಪಟ್ಟಿಯಿಂದ. ಜೊತೆಗೆ ಕಾರ್ಡ್ ತುಂಬಿ ಕಳಿಸಿದವರೂ ಒಂದೇ ಥರದವರು. ಬಡವರನ್ನ ಕೇಳಿದ್ದೇ ಕಡಿಮೆ. ಆ ಪತ್ರಿಕೆ ಆಮೇಲೆ ಜಾಸ್ತಿ ದಿನ ಬಾಳಲಿಲ್ಲವಂತೆ. ಅದಕ್ಕೇ ಬೀದಿಗಿಳಿದಿದ್ದು.

ಬೀದಿಯಲ್ಲಿ ನನ್ನ ಮುಖವೇ ಅಡ್ಡ ಬಂತು. ಗಾಡಿ ನಿಲ್ಲಿಸುತ್ತಿದ್ದ ಹಾಗೇ ಎದುರು ಮನೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಕಿಟಕಿಯಿಂದ ಒಂದು ಮಗು, "ಅಪ್ಪ ಮನೇಲಿಲ್ಲ ಅಂತೆ" ಅಂದಿತು. ಈ 'ಅಂತೆ' ನನಗೆ ಹೊಸದಲ್ಲ, ಮೂರು ತಿಂಗಳಿಗೊಮ್ಮೆ ಪ್ರೀಮಿಯಂ ಕೇಳೋಕೆ ಹೋದಾಗ ಕೇಳಿದ್ದೇ. ಪುಟ್ಟಿಗೆ ಮಾತ್ರ ಬೇಜಾರಾಯಿತು. ಉತ್ತರ ಕೊಡದವರ ಪಟ್ಟಿ ಬೆಳೆದರೆ ಲೆಕ್ಕ ಒಂದು ಕಡೆ ವಾಲುತ್ತದಂತೆ. ಆಮೇಲಿನಿಂದ ನಾನು ಬೀದಿ ಕೊನೆಯಲ್ಲಿ ಹೆಲ್ಮೆಟ್ ತೆಗೆಯದೆ ನಿಲ್ಲಬೇಕು ಅಂತ ತೀರ್ಮಾನ ಆಯಿತು. ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ಸುಮ್ನೆ ನಿಂತ ಮನುಷ್ಯನನ್ನ ನಾಯಿಗಳು ಹೇಗೆ ನೋಡುತ್ತವೆ ಅನ್ನೋದರ ಮೇಲೂ ಒಂದು ಪ್ರಾಜೆಕ್ಟ್ ಮಾಡಬಹುದು.

ಬಾಗಿಲು ತೆಗೆದವರು ಎಲ್ಲಕ್ಕೂ ಉತ್ತರ ಕೊಟ್ಟರು, ಕೇಳಿದ್ದೊಂದನ್ನ ಬಿಟ್ಟು. ನೋಟು ರದ್ದತಿ ಬಗ್ಗೆ ಕೇಳಿದರೆ ಗೃಹಲಕ್ಷ್ಮಿಯ 2,000 ರೂಪಾಯಿ ಈ ತಿಂಗಳು ಬಂದಿಲ್ಲ, ಬರ್ಕೊ ಅಂದರು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಅದರ ಬಗ್ಗೆ ಕೇಳಿದರೆ ಗಂಡ "ಒಪ್ಪಲ್ಲ" ಅಂದ. ಹೆಂಡತಿ ಒಳಗಿಂದ ಬಂದು ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಗಡಿ ಕಡೆಯಿಂದ ಬಂದ ಒಬ್ಬ ಅಜ್ಜ ಪ್ರತಿ ಪ್ರಶ್ನೆಗೂ ತೆಲುಗಿನಲ್ಲಿ "ಬಾಗುಂದಿ", ಅಂದರೆ ಚೆನ್ನಾಗಿದೆ, ಅಂದರು. ಬೆಲೆ ಏರಿಕೆಗೂ ಬಾಗುಂದಿ.

ಆದಾಯದ ಪ್ರಶ್ನೆಗೆ ಐದು ಕಾಲಂ ಇದ್ದವು. ನಾಲ್ಕು ದಂಡ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಕೈಯಲ್ಲಿ ಪೇಪರ್ ಹಿಡಿದ ಹುಡುಗಿ ಬಾಗಿಲಿಗೆ ಬಂದು ಆದಾಯ ಕೇಳಿದರೆ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಹೇಳೋಕೆ ಯಾರಿಗೆ ಹುಚ್ಚು? ಎರಡು ಅಂತಸ್ತಿನ ಮನೆ, ಹೊರಗೆ ಟ್ರ್ಯಾಕ್ಟರ್, ಪಕ್ಕದಲ್ಲಿ ಬಟ್ಟೆ ಹೊದ್ದು ಮಲಗಿದ ಕಾರು. ಯಜಮಾನರು, "ಏನೋ ಕೂಲಿನಾಲಿ ಮಾಡ್ಕೊಂಡಿದೀವಮ್ಮ" ಅಂದರು. ಅವತ್ತು ನೀರು ಕುಡಿಯೋಕೆ ಅಂತ ನಾನು ಹೆಲ್ಮೆಟ್ ತೆಗೆದು ಅಲ್ಲೇ ಬಂದಿದ್ದೆ. ಅವರು ವರ್ಷಕ್ಕೆ ನನ್ನ ಹತ್ತಿರ ಕಟ್ಟುವ ಪ್ರೀಮಿಯಂ ಈಗ ಹೇಳಿದ ಆದಾಯಕ್ಕಿಂತ ಜಾಸ್ತಿ. ಅವರು ನನ್ನ ನೋಡಿದರು. ನಾನು ಅಂತರಗಂಗೆ ಬೆಟ್ಟ ನೋಡಿದೆ. ಪುಟ್ಟಿ ಬರೆದುಕೊಂಡಳು.

ಇನ್ನೊಂದು ಕಡೆ ನಾನು ಬಾಯಿ ಬಿಟ್ಟೆ, ಬೈಸಿಕೊಂಡೆ. ಜಿಎಸ್‌ಟಿ ಇಳಿಸಿದ್ದರಿಂದ ನಿಮಗೆ ಅನುಕೂಲ ಆಗಿದೆಯೇ ಅಂತ ಪ್ರಶ್ನೆ. ಹೋಟೆಲ್ ಯಜಮಾನರು ಯೋಚಿಸುತ್ತಾ ನಿಂತಿದ್ದರು. ನಾನು ತಡೆಯಲಾರದೆ, ಟರ್ಮ್ ಪಾಲಿಸಿಗೂ ಆರೋಗ್ಯ ವಿಮೆಗೂ 18 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ ಸೊನ್ನೆ ಆಗಿದೆ ಅಂತ ವಿವರಿಸಿದೆ. ಅವರು ಖುಷಿಯಾಗಿ 'ಪೂರ್ತಿ ಒಪ್ಪುತ್ತೇನೆ'ಗೆ ಗುರುತು ಹಾಕಿದರು. ಪುಟ್ಟಿ ಆ ಫಾರಂ ಮಡಚಿ ಪಕ್ಕಕ್ಕಿಟ್ಟಳು. "ಮಾವ, ನೀನು ಸುಮ್ನಿದ್ರೆ ಸಾಕು. ಉತ್ತರ ಹೇಳಿಕೊಡಬಾರದು." ಹೇಳಿಕೊಟ್ಟಿಲ್ಲಮ್ಮ, ಮಾಹಿತಿ ಕೊಟ್ಟೆ ಅಂದೆ. ಎರಡೂ ಒಂದೇ ಅಂದಳು. ಕಾಲೇಜಿನಲ್ಲಿ ಏನೇನೋ ಕಲಿಸುತ್ತಾರೆ.

ಕ್ಲಾಕ್ ಟವರ್ ಹತ್ತಿರ ಹೂ ಕಟ್ಟುತ್ತಿದ್ದ ಒಬ್ಬ ಹೆಂಗಸಿನ ಮುಂದೆ ಪುಟ್ಟಿಗೆ ನಿಜವಾದ ಪರೀಕ್ಷೆ ಆಯಿತು. ರಿಸರ್ವ್ ಬ್ಯಾಂಕ್ ಬೆಲೆ ಏರಿಕೆಯನ್ನ 4 ಪರ್ಸೆಂಟ್ ಹತ್ತಿರ, ಹೆಚ್ಚೆಂದರೆ ಎರಡು ಆಚೆ ಎರಡು ಈಚೆ ಇಡಬೇಕು, ಅದಕ್ಕೆ ಬಡ್ಡಿ ದರ ಏರಿಸಿ ಇಳಿಸಿ ಮಾಡುತ್ತದೆ, ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದಳು. ಆಯಮ್ಮ ದಾರ ಎಳೆಯುತ್ತಲೇ, "ನಾಲ್ಕಾ? ಯಾವ ಸಂತೇಲಿ?" ಅಂದರು. ಆಮೇಲೆ ಅವರೇ ಒಂದು ಪ್ರಶ್ನೆ ಹಾಕಿದರು. "ನಾನೊಂದು ಲಕ್ಷದ ಚೀಟಿ ಹಾಕಿದೀನಿ. ಮಗಳ ಫೀಸ್‌ಗೆ ಅಂತ ನಾಲ್ಕನೇ ತಿಂಗಳಿಗೇ ಕೂಗಿ ಎತ್ಕೊಂಡೆ. ಎಂಬತ್ತು ಸಾವಿರ ಕೈಗೆ ಬಂತು. ಇಪ್ಪತ್ತು ತಿಂಗಳ ಚೀಟಿ. ನಂಗೆ ಬಡ್ಡಿ ಎಷ್ಟು ಬಿತ್ತು ಹೇಳು?" ಪುಟ್ಟಿ ಮೊಬೈಲ್ ತೆಗೆದಳು. ಉಳಿದ ಕಂತು, ಪ್ರತಿ ತಿಂಗಳ ಡಿವಿಡೆಂಡು, ಮೊದಲೇ ಕಟ್ಟಿದ್ದು, ಎಲ್ಲ ಸೇರಿಸಿ ಕಳೆದು ಒದ್ದಾಡಿದಳು. ಆಯಮ್ಮ ಒಂದು ಮೊಳ ಮಲ್ಲಿಗೆ ಕಟ್ಟಿ ಮುಗಿಸುವಷ್ಟರಲ್ಲಿ ತಾವೇ ಉತ್ತರ ಹೇಳಿದರು. ಪುಟ್ಟಿ ರಾತ್ರಿ ಮನೆಯಲ್ಲಿ ಎಕ್ಸೆಲ್ ಹಾಕಿ ನೋಡಿದಳು. ಹತ್ತಿರ ಹತ್ತಿರ ಸರಿಯಿತ್ತು. ಅವರ ಫಾರಂನಲ್ಲಿ ವಿದ್ಯಾಭ್ಯಾಸದ ಕಡೆ 'ಇಲ್ಲ' ಅಂತಿದೆ.

ಇಷ್ಟೆಲ್ಲ ಆದ ಮೇಲೆ ಎಪಿಎಂಸಿಗೆ ಹೋದೆವು. ಕೋಲಾರದ ಅಭಿಪ್ರಾಯ ಅಂದಮೇಲೆ ಟೊಮ್ಯಾಟೊ ಮಂಡಿ ಬಿಟ್ಟರೆ ಹೇಗೆ? ಬೆಳಿಗ್ಗೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಕ್ರೇಟುಗಳ ಗೋಡೆ, ಮಧ್ಯೆ ಹರಾಜು ಕೂಗುವವನ ಹಿಂದೆ ಓಡುವ ಗುಂಪು. 15 ಕೆ.ಜಿ. ಬಾಕ್ಸ್ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿದ್ದನ್ನ ಇಲ್ಲಿ ಇನ್ನೂ ಮದುವೆ ಕತೆ ಹೇಳಿದ ಹಾಗೆ ಹೇಳುತ್ತಾರೆ. ಅದೇ ಬಾಕ್ಸನ್ನ ಸಾಗಿಸಿದ ಬಾಡಿಗೆಯೂ ಹುಟ್ಟದೆ ರಸ್ತೆಗೆ ಸುರಿದಿದ್ದನ್ನೂ ಹೇಳುತ್ತಾರೆ. ಆ ಕತೆಗೆ ಮಾತ್ರ ಇಸವಿ ಬೇಕಾಗಲ್ಲ, ಆಗಾಗ ನಡೆಯುತ್ತದೆ.

ಪುಟ್ಟಿ ಕ್ರೇಟ್ ಮೇಲೆ ಕೂತಿದ್ದ ಒಬ್ಬ ರೈತರ ಹತ್ತಿರ ಹೋದಳು. 'ಬೆಂಬಲ ಬೆಲೆ ಸಾಕಷ್ಟಿದೆ' ಅನ್ನೋದು ಪ್ರಶ್ನೆ. "ಟೊಮ್ಯಾಟೊಗೆ ಎಲ್ಲಮ್ಮ ಬೆಂಬಲ ಬೆಲೆ?" ಅಂತ ನಕ್ಕರು. ಕೇಂದ್ರದ ಪಟ್ಟಿಯಲ್ಲಿರುವ 22 ಬೆಳೆಗಳಲ್ಲಿ ರಾಗಿ ಇದೆ, ಟೊಮ್ಯಾಟೊ ಇಲ್ಲ. ಅದನ್ನ ಹೊಡೆದು ಹಾಕಿ ಮುಂದಿನದಕ್ಕೆ ಹೋದಳು. 'ಈಗಿನ ಕೃಷಿ ನೀತಿಯಿಂದ ರೈತರಿಗೆ ಅನುಕೂಲವಾಗಿದೆ.' ಪಕ್ಕದ ಮಂಡಿಯಲ್ಲಿ ಆಗ ತಾನೇ ಒಳ್ಳೆ ರೇಟು ಕೂಗಿದ್ದರು. "ಒಪ್ತೀನಿ, ಪೂರ್ತಿ ಬರ್ಕೊ" ಅಂದರು. ನಾವು ಟೀ ಕುಡಿಯುತ್ತಾ ನಿಂತಿದ್ದೆವು. ಅವರ ಕ್ರೇಟುಗಳ ಹರಾಜು ಮುಗಿಯಿತು. ಮುಖ ನೋಡಿದರೇ ರೇಟು ಗೊತ್ತಾಯಿತು. ನೇರ ನಮ್ಮ ಹತ್ತಿರ ಬಂದು, "ಆ ಪೇಪರ್ ಕೊಡಮ್ಮ ಇಲ್ಲಿ" ಅಂತ ಇಸ್ಕೊಂಡು, ಮೊದಲಿನ ಗುರುತನ್ನ ಪೇಪರ್ ಹರಿಯೋ ಹಾಗೆ ಹೊಡೆದು 'ಸ್ವಲ್ಪವೂ ಒಪ್ಪುವುದಿಲ್ಲ' ಅಂತ ಮಾಡಿದರು. ಪುಟ್ಟಿ ಯಾವುದನ್ನ ಲೆಕ್ಕಕ್ಕೆ ಹಿಡಿಯೋದು ಅಂತ ತಲೆ ಕೆರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವರ ತಮ್ಮನ ಮಾಲು ಹರಾಜಾಯಿತು. ಅದು ಪರವಾಗಿಲ್ಲ ಅನ್ನೋ ರೇಟಿಗೆ ಹೋಯಿತು ಅಂತ ಕಾಣುತ್ತೆ. ಮತ್ತೆ ಬಂದರು. "ಮಧ್ಯದ್ದಕ್ಕೆ ಹಾಕ್ಕೊಂಬಿಡಮ್ಮ, ಹೋಗ್ಲಿ." ಸರಾಸರಿಯನ್ನ ಅವರೇ ತೆಗೆದುಕೊಟ್ಟರು.

ಹೇಗೋ 384 ತುಂಬಿತು. ರಾತ್ರಿ ಎಕ್ಸೆಲ್‌ಗೆ ಏರಿಸೋಕೆ ಕೂತಾಗ ಮಂಡಿಯ ಫಾರಂಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಹೆಂಡತಿ ಒಂದೊಂದೇ ಬಿಡಿಸಿ ಓದಿ ಹೇಳುತ್ತಿದ್ದಳು. ಒಂದರಲ್ಲಿ 'ಒಪ್ಪುತ್ತೇನೆ' ಚೌಕದೊಳಗೆ ಟೊಮ್ಯಾಟೊ ಬೀಜ ಒಣಗಿ ಕೂತಿತ್ತು. ಟಿಕ್ ಮಾರ್ಕ್ ಥರವೇ ಇತ್ತು. ಉಗುರಿನಲ್ಲಿ ಕೆರೆದು ನೋಡಿದಳು. ಕೆಳಗೆ ಏನೂ ಇರಲಿಲ್ಲ. ಬೇರೆ ಯಾವ ಚೌಕದಲ್ಲೂ ಗುರುತಿರಲಿಲ್ಲ. "ಟೊಮ್ಯಾಟೊನೇ ಒಪ್ಪಿದೆ, ಹಾಕ್ಕೊಳ್ಳೇ" ಅಂದಳು. ಪುಟ್ಟಿ ಒಪ್ಪಲಿಲ್ಲ.

ಆಮೇಲೆ ಕೈ-ವರ್ಗ (ಚಿ-ಸ್ಕ್ವೇರ್, chi-square) ಪರೀಕ್ಷೆ, ಅಂದರೆ ಉತ್ತರಗಳ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡೋ ಲೆಕ್ಕ. ಟೇಬಲ್‌ನ ಯಾವುದಾದರೂ ಮನೆಯಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಬಂದರೆ ಪಕ್ಕದ ಕಾಲಂ ಜೊತೆ ಸೇರಿಸಬೇಕಂತೆ. ಹಾಗಾಗಿ 'ಪೂರ್ತಿ ಒಪ್ಪುತ್ತೇನೆ'ಯನ್ನ 'ಒಪ್ಪುತ್ತೇನೆ'ಗೆ ಸೇರಿಸಿದಳು. ಪೂರ್ತಿಯಾ, ಸುಮ್ನೆ ಒಪ್ಪಿದ್ದಾ ಅಂತ ಬಿಸಿಲಲ್ಲಿ ನಿಂತು ಜನರನ್ನ ಪೀಡಿಸಿದ್ದು ಯಾಕೆ ಹಾಗಾದರೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ವರದಿಯ ಕೊನೆಯಲ್ಲಿ 'ಅಧ್ಯಯನದ ಮಿತಿಗಳು' ಅಂತ ಒಂದು ಭಾಗ ಇರುತ್ತದೆ. ಅದರಲ್ಲಿ 'ಸಮೀಕ್ಷಕರ ಜೊತೆ ಬಂದ ವ್ಯಕ್ತಿಯ ವೃತ್ತಿಯಿಂದ ಪ್ರತಿಕ್ರಿಯೆ ಕಡಿಮೆಯಾಗಿರುವ ಸಾಧ್ಯತೆ ಇದೆ' ಅಂತ ಬರೆದಿದ್ದಳು. ಪೆಟ್ರೋಲ್ ಹಾಕಿಸಿದ ವಿಷಯ ಎಲ್ಲೂ ಇಲ್ಲ.

ಪ್ರಿಂಟ್ ತೆಗೆದು ಬೈಂಡ್ ಮಾಡಿಸೋಕೆ ಜೆರಾಕ್ಸ್ ಅಂಗಡಿಗೆ ಕೊಟ್ಟೆವು. ಅಂಗಡಿಯವರು ತೂತು ಹಾಕುವುದನ್ನ ಬಿಟ್ಟು ಓದೋಕೆ ಶುರು ಮಾಡಿದರು. ಒಂದು ಟೇಬಲ್ ಹತ್ತಿರ ನಿಂತು, "ಇದೆಲ್ಲ ಯಾರು ಹೇಳಿದ್ದು? ನನ್ನ ಕೇಳಲೇ ಇಲ್ವಲ್ಲಮ್ಮ" ಅಂದರು. ಸ್ಯಾಂಪಲ್ ಮುಗೀತು ಅಣ್ಣ ಅಂದಳು. ಹಾಗಾದ್ರೆ ಬೈಂಡಿಂಗ್ ನಾಳಿದ್ದು ಅಂದರು. ಬೆಳಿಗ್ಗೆ ಹತ್ತಕ್ಕೆ ವೈವಾ. ಖಾಲಿ ಫಾರಂ ಒಂದು ಬ್ಯಾಗಲ್ಲಿತ್ತು. ಕೌಂಟರ್ ಮೇಲೆ ಇಟ್ಟುಕೊಂಡು ನಿಧಾನವಾಗಿ ತುಂಬಿದರು. ಬಹಳ ಪ್ರಶ್ನೆಗೆ ಒಪ್ಪಲ್ಲ. 'ಪ್ರತಿ ಖರೀದಿಗೂ ಗ್ರಾಹಕರು ಬಿಲ್ ಪಡೆಯಬೇಕು' ಅನ್ನೋದಕ್ಕೆ ಮಾತ್ರ 'ಪೂರ್ತಿ ಒಪ್ಪುತ್ತೇನೆ', ಅದೂ ಎರಡೆರಡು ಸಲ ತಿದ್ದಿ. ದೇಶ ಉದ್ಧಾರ ಆಗಬೇಕಾದರೆ ಅದೊಂದೇ ದಾರಿ ಅಂತ ಪುಟ್ಟಿಗೆ ತಿಳಿಹೇಳಿದರು. ಅವಳು ಅಲ್ಲೇ ಕೂತು 384 ಇದ್ದ ಕಡೆಯೆಲ್ಲ 385 ಮಾಡಿ, ಟೇಬಲ್‌ಗಳನ್ನ ತಿದ್ದಿ, ಆ ಪುಟಗಳನ್ನ ಮತ್ತೆ ಪ್ರಿಂಟ್ ತೆಗೆಸಿದಳು.

ದುಡ್ಡು ಕೊಡೋಕೆ ನಾನು ಮುಂದೆ ಹೋದೆ. ಕ್ಯಾಲ್ಕುಲೇಟರ್ ಒತ್ತಿ, ಹೊಸ ಪುಟಗಳನ್ನೂ ಸೇರಿಸಿ ಒಂದು ಮೊತ್ತ ಹೇಳಿದರು. ಬಿಲ್ ಕೊಡಿ ಅಂದೆ.

"ಬಿಲ್ ಯಾಕೆ ಸಾರ್?" ಅಂದರು. "ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರಿ ಜಾಸ್ತಿ ಆಗುತ್ತೆ. ಸುಮ್ನೆ ನಿಮಗ್ಯಾಕೆ ಲಾಸು?"